ಹಳಿಯಿಲ್ಲದ ಜಿಲ್ಲೆಯವರಿಗೆ ರೈಲಿನ ಲೌಂಜ್: ವಿಸ್ಟಾಡೋಮ್, ಫಸ್ಟ್ ಎಸಿ, ನಿಲ್ದಾಣದ ಕೊಠಡಿಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು?

ಕೊಡಗಿನವರ ರೈಲು ಪ್ರಯಾಣ ಶುರುವಾಗುವುದು ಬಸ್ಸಿನಲ್ಲಿ. ಮಡಿಕೇರಿಯಿಂದ ಮೈಸೂರು ಜಂಕ್ಷನ್‌ಗೆ ಸುಮಾರು 120 ಕಿ.ಮೀ., ಕೆಎಸ್ಸಾರ್ಟಿಸಿ ಬಸ್ಸಿಗೆ ಮೂರು ಗಂಟೆಯ ದಾರಿ. ವಿರಾಜಪೇಟೆ, ಗೋಣಿಕೊಪ್ಪದ ಕಡೆಯ ಹಲವರು ಮಾಕುಟ್ಟ ಇಳಿದು ಇರಿಟ್ಟಿ ದಾಟಿ ಕಣ್ಣೂರೋ ತಲಶ್ಶೇರಿಯೋ ಹಿಡಿಯುತ್ತಾರೆ. ಸೋಮವಾರಪೇಟೆ, ಶನಿವಾರಸಂತೆಯವರಿಗೆ ಹಾಸನ, ಸಕಲೇಶಪುರ. ಸಂಪಾಜೆ ಕಡೆಯವರಿಗೆ ಮಂಗಳೂರು. ಜಿಲ್ಲೆಯೊಳಗೆ ಹಳಿಯೇ ಇಲ್ಲ. ಮಳೆಗಾಲದಲ್ಲಿ ಯಾವ ತಿರುವಿನಲ್ಲಿ ಮರ ಬಿದ್ದಿದೆಯೋ, ಎಲ್ಲಿ ಬರೆ ಜರಿದಿದೆಯೋ ಯಾರಿಗೂ ಮುಂಚೆ ಗೊತ್ತಾಗುವುದಿಲ್ಲ. ಹಾಗಾಗಿ ತಿಳಿದವರು ರೈಲಿನ ಹೊತ್ತಿಗಿಂತ ಎರಡು ಮೂರು ಗಂಟೆ ಮೊದಲೇ ನಿಲ್ದಾಣ ಸೇರುವ ಲೆಕ್ಕದಲ್ಲಿ ಮನೆ ಬಿಡುತ್ತಾರೆ.

ಆ ಎರಡು ಮೂರು ಗಂಟೆ ಎಲ್ಲಿ ಕೂರುವುದು ಎಂಬುದೇ ನಮ್ಮ ಕಡೆಯವರಿಗೆ ದೊಡ್ಡ ಪ್ರಶ್ನೆ. ರೈಲು ಹತ್ತಿದ ಮೇಲಿನ ಸೌಕರ್ಯ ಅದರ ನಂತರದ ಮಾತು. ಟಿಕೆಟ್ಟಿನ ದರ್ಜೆ ಏರಿಸಿದರೆ ಎಲ್ಲವೂ ತಾನಾಗಿ ಸಿಗುತ್ತದೆ ಎಂದುಕೊಂಡು ದುಡ್ಡು ಸುರಿಯುವವರು ಇದ್ದಾರೆ. ಫಸ್ಟ್ ಎಸಿ ಟಿಕೆಟ್ ತೆಗೆದರೆ ಬರ್ತ್ ಒಳ್ಳೆಯದು ಸಿಗುತ್ತದೆ, ಲೌಂಜ್ ಸಿಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮಕ್ಕಳು ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಇದ್ದು ಅಲ್ಲಿನ ರೈಲು ಹತ್ತಿ ಬಂದವರು ಸಾಮಾನ್ಯವಾಗಿ ಕೇಳುವುದುಂಟು, ಇಲ್ಲಿ ಲೌಂಜ್ ಬೋಗಿ ಎಲ್ಲಿದೆ ಎಂದು. ಆಮ್‌ಟ್ರಾಕ್‌ನ ಪಶ್ಚಿಮ ಭಾಗದ ದೂರದ ರೈಲುಗಳಲ್ಲಿ ದೊಡ್ಡ ಕಿಟಕಿಗಳ ಸೈಟ್‌ಸೀಯರ್ ಲೌಂಜ್ ಇರುತ್ತದೆ; ಮಲಗುವ ಕೋಣೆಯವರಿಗೂ ಬರೀ ಸೀಟಿನವರಿಗೂ ಅಲ್ಲಿ ಕೂರಲು ಅವಕಾಶ. ಮಲಗುವ ಕೋಣೆಯ ಟಿಕೆಟ್ ಇದ್ದವರಿಗೆ ಷಿಕಾಗೋದಂಥ ನಿಲ್ದಾಣದಲ್ಲಿ ಮೆಟ್ರೊಪಾಲಿಟನ್ ಲೌಂಜ್ ಕೂಡ ತೆರೆದಿರುತ್ತದೆ. ನಮ್ಮಲ್ಲಿ ಆ ಪದ್ಧತಿ ಬೆಳೆಯಲಿಲ್ಲ. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಒಂದು ಥರ್ಡ್ ಎಸಿ ಬೋಗಿಯಲ್ಲಿ 72 ಬರ್ತ್. ವೇಟಿಂಗ್ ಲಿಸ್ಟ್ ಉದ್ದ ಇರುವ ದೇಶದಲ್ಲಿ ಅಷ್ಟು ಬರ್ತ್ ಬಿಟ್ಟುಕೊಟ್ಟು ಸೋಫಾ ಹಾಕುವುದು ಕಷ್ಟದ ನಿರ್ಧಾರ. ಪ್ಯಾಂಟ್ರಿ ಬೋಗಿ ಅಡುಗೆಮನೆ ಮಾತ್ರ, ಅಲ್ಲಿ ಕೂತು ತಿನ್ನಲು ಜಾಗವಿಲ್ಲ. ಮುಂಬೈ–ಪುಣೆ ನಡುವಿನ ಡೆಕ್ಕನ್ ಕ್ವೀನ್‌ನಲ್ಲಿ ಊಟದ ಬೋಗಿ ಉಳಿದುಕೊಂಡಿದೆ. 2022ರಲ್ಲಿ ಆ ರೈಲು ಎಲ್‌ಎಚ್‌ಬಿಗೆ ಬದಲಾದಾಗ 40 ಜನ ಕೂರುವಂತೆ ಅದನ್ನು ಹೊಸದಾಗಿ ಮಾಡಿದರು. ನಮ್ಮ ದಾರಿಯ ಯಾವ ರೈಲಿನಲ್ಲೂ ಅಂಥದ್ದಿಲ್ಲ.

ಲೌಂಜ್ ಎಂದು ಕರೆಯಬಹುದಾದ ಜಾಗ ಇರುವ, ಕೊಡಗಿಗೆ ಹತ್ತಿರದ ಬೋಗಿಯೆಂದರೆ ಯಶವಂತಪುರ–ಮಂಗಳೂರು ಹಗಲು ರೈಲಿನ ವಿಸ್ಟಾಡೋಮ್. 2021ರ ಜುಲೈಯಲ್ಲಿ ಶುರುವಾಯಿತು. ಒಂದು ಬೋಗಿಗೆ 44 ಸೀಟು. ಸೀಟು 180 ಡಿಗ್ರಿ ತಿರುಗುತ್ತದೆ, ಚಾವಣಿಯಲ್ಲೂ ಗಾಜು. ಬೋಗಿಯ ಒಂದು ತುದಿಯಲ್ಲಿ ದೊಡ್ಡ ಗಾಜಿನ ಎದುರು ತೆರೆದ ಜಾಗವಿದೆ, ಅದೇ ಅಬ್ಸರ್ವೇಷನ್ ಲೌಂಜ್. ಅಲ್ಲಿಗೆ ಬೇರೆ ಟಿಕೆಟ್ ಬೇಡ, ಸೀಟು ಕಾಯ್ದಿರಿಸುವ ಪದ್ಧತಿಯೂ ಇಲ್ಲ; ವಿಸ್ಟಾಡೋಮ್ ಟಿಕೆಟ್ ಇದ್ದವರು ಎದ್ದು ಹೋಗಿ ನಿಲ್ಲಬಹುದು. ಸಾದಾ ಬೋಗಿಯ ಟಿಕೆಟ್ ಇಟ್ಟುಕೊಂಡು ಘಟ್ಟ ಬಂದಾಗ ಒಂದರ್ಧ ಗಂಟೆ ನೋಡಿ ಬರುತ್ತೇವೆ ಎಂದರೆ ಟಿಟಿಇ ಬಿಡುವುದಿಲ್ಲ. ಬಿಡಬಾರದು ಕೂಡ.

ಈ ಲೌಂಜಿನ ಬೆಲೆ ಗೊತ್ತಾಗುವುದು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ.ನಲ್ಲಿ. 57 ಸುರಂಗ, 50ಕ್ಕೆ 1ರ ಇಳಿಜಾರು, ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂದು ಕಾಡಿನ ನಡುವೆ ಬಂದು ಹೋಗುವ ಸಣ್ಣ ಸಣ್ಣ ನಿಲ್ದಾಣಗಳು. ರೈಲು ಇಲ್ಲಿ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲೇ ಸಾಗುತ್ತದೆ, ಹಾಗಾಗಿ ಸುಮಾರು ಎರಡು ಗಂಟೆ ನೋಡಲು ಸಿಗುತ್ತದೆ. ಬಲಬದಿ ಸೀಟು ಒಳ್ಳೆಯದೋ ಎಡಬದಿಯೋ ಎಂಬ ಚರ್ಚೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ಬದಿಗೆ ಬರೀ ಕಲ್ಲಿನ ಗೋಡೆ ಬಂದರೆ ಎದ್ದು ಲೌಂಜಿಗೆ ನಡೆದರಾಯಿತು, ಅಲ್ಲಿ ಎರಡೂ ಬದಿ ಕಾಣುತ್ತದೆ. ಆದರೆ ಸಕಲೇಶಪುರ ಬಿಟ್ಟ ಕೂಡಲೇ ಇಡೀ ಬೋಗಿಯೇ ಅಲ್ಲಿಗೆ ನುಗ್ಗುತ್ತದೆ. ಮೊದಲ ಇಪ್ಪತ್ತು ನಿಮಿಷ ಸೀಟಿನಲ್ಲೇ ಇದ್ದು, ಫೋಟೊ ತೆಗೆಯುವವರ ಉತ್ಸಾಹ ಇಳಿದ ಮೇಲೆ ಹೋಗಿ. ಎಡಕುಮೇರಿ ಹೊತ್ತಿಗೆ ಜಾಗ ಸಿಗುತ್ತದೆ.

ದೋಷಗಳನ್ನೂ ಹೇಳಬೇಕು. ತುದಿಯ ಗಾಜಿನಿಂದ ಹಿಂದೆ ಸರಿಯುವ ಹಳಿ ಕಾಣಬೇಕಾದರೆ ಆ ಬೋಗಿ ರೈಲಿನ ಕೊನೆಯಲ್ಲಿರಬೇಕು, ಲೌಂಜ್ ಇರುವ ತುದಿ ಹೊರಕ್ಕೆ ಮುಖ ಮಾಡಿರಬೇಕು. ಎರಡು ವಿಸ್ಟಾಡೋಮ್ ಜೋಡಿಸಿದ್ದರೆ ಒಂದರ ಲೌಂಜಿನ ಎದುರು ಇನ್ನೊಂದು ಬೋಗಿ ಬರಬಹುದು. ಘಟ್ಟದಲ್ಲಿ ತಳ್ಳುವುದಕ್ಕೆಂದು ಹಿಂದಿನಿಂದ ಬ್ಯಾಂಕರ್ ಎಂಜಿನ್ ಕಟ್ಟಿದರೆ ಗಾಜಿನ ತುಂಬ ಎಂಜಿನ್ನಿನ ಮೂತಿಯೇ. ಇದನ್ನು ಬುಕ್ ಮಾಡುವಾಗ ತಿಳಿಯಲು ದಾರಿಯಿಲ್ಲ. ಸುರಂಗಗಳಿಂದಾಗಿ ಗಾಜು ಮಸುಕಾಗುತ್ತದೆ, ಮಳೆಗಾಲದಲ್ಲಿ ಹೊರಗೆ ನೀರಿನ ಗೆರೆ, ಒಳಗೆ ಎಸಿಯ ಮಂಜು. ಒಂದು ಒಣ ಹತ್ತಿ ಬಟ್ಟೆ ಇಟ್ಟುಕೊಂಡಿರಿ. ಫೋಟೊಗೆ ಫ್ಲ್ಯಾಶ್ ಆರಿಸಿ, ಫೋನನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಇಲ್ಲದಿದ್ದರೆ ಬೋಗಿಯ ದೀಪವೇ ಬೀಳುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು ಚಾವಣಿಯ ಗಾಜಿನಿಂದ ನೇರ ತಲೆಯ ಮೇಲೆ, ಎಸಿ ಇದ್ದರೂ ಸೆಕೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ದಿನಗಳೇ ಇದಕ್ಕೆ ಸರಿ: ಝರಿಗಳಲ್ಲಿ ನೀರಿರುತ್ತದೆ, ಮೋಡ ಕೊಂಚ ಸರಿದಿರುತ್ತದೆ.

ಕಿಟಕಿ ತೆರೆಯುವುದಿಲ್ಲ ಎಂಬುದು ನಮ್ಮಂಥ ಮಳೆನಾಡಿನವರಿಗೆ ದೊಡ್ಡ ಕೊರತೆ. ಕಾಡಿನ ವಾಸನೆ, ನೀರಿನ ಸದ್ದು, ಮುಖಕ್ಕೆ ಸಿಡಿಯುವ ಹನಿ ಬೇಕೆಂದರೆ ಅದೇ ರೈಲಿನ ಸಾದಾ ಬೋಗಿಯ ಕಿಟಕಿ ಸೀಟು ಕಡಿಮೆ ದುಡ್ಡಿಗೆ ಹೆಚ್ಚು ಕೊಡುತ್ತದೆ. ಮಂಡಿನೋವಿರುವ ಹಿರಿಯರು, ಸಣ್ಣ ಮಕ್ಕಳು ಜೊತೆಗಿದ್ದರೆ ಮಾತ್ರ ಕಣ್ಣು ಮುಚ್ಚಿ ವಿಸ್ಟಾಡೋಮ್ ತೆಗೆಯಿರಿ. ತಾನಾಗಿ ಸರಿಯುವ ಬಾಗಿಲು, ಲಗೇಜಿಗೆ ಬೇರೆ ಸ್ಟ್ಯಾಂಡ್, ಓಡಾಡಲು ಅಗಲ ಜಾಗ. ಮೇಲಿನ ಬರ್ತ್ ಹತ್ತುವ ಕಷ್ಟವಿಲ್ಲ. ಊಟದ ಮೇಲೆ ಭರವಸೆ ಇಡಬೇಡಿ. ಬೋಗಿಯಲ್ಲಿ ಪುಟ್ಟ ಪ್ಯಾಂಟ್ರಿ, ಮೈಕ್ರೊವೇವ್ ಇದ್ದರೂ ಅದು ಸಿಬ್ಬಂದಿಗೆ. ಹಾಸನದಲ್ಲೇ ಪಾರ್ಸೆಲ್ ಕಟ್ಟಿಸಿ, ಇಲ್ಲವೇ ಮನೆಯಿಂದ ಅಕ್ಕಿರೊಟ್ಟಿ, ಚಟ್ನಿ ತನ್ನಿ. ಪಂದಿ ಕರಿಯ ಡಬ್ಬಿಯನ್ನು ಮುಚ್ಚಿದ ಎಸಿ ಬೋಗಿಯಲ್ಲಿ ತೆರೆಯುವ ಮೊದಲು ಅಕ್ಕಪಕ್ಕದವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಕೊಡಗಿನಿಂದ ಇದನ್ನು ಬಳಸುವ ಕ್ರಮ ಹೀಗೆ. ಕುಶಾಲನಗರ, ಸೋಮವಾರಪೇಟೆಯವರು ಹಾಸನದಲ್ಲಿ ಹತ್ತಿ, ಶನಿವಾರಸಂತೆಯವರು ಸಕಲೇಶಪುರದಲ್ಲಿ. ಸುಬ್ರಹ್ಮಣ್ಯ ರೋಡ್‌ನಲ್ಲಿ, ಅಂದರೆ ನೆಟ್ಟಣದಲ್ಲಿ, ಇಳಿದರೆ ಕುಕ್ಕೆ ದೇವಸ್ಥಾನಕ್ಕೆ ಸುಮಾರು 12 ಕಿ.ಮೀ. ಅಲ್ಲಿಂದ ಸುಳ್ಯ, ಸಂಪಾಜೆ ಮೇಲೆ ಮಡಿಕೇರಿಗೆ ವಾಪಸ್, ಹೀಗೆ ಘಟ್ಟ ಇಳಿದು ಇನ್ನೊಂದು ಘಟ್ಟ ಹತ್ತುವ ಒಂದು ಸುತ್ತು. ಟಿಕೆಟ್ ಬುಕ್ ಮಾಡುವಾಗ ಒಂದು ತೊಡಕಿದೆ: ಹಾಸನದಂಥ ನಡುದಾರಿಯ ನಿಲ್ದಾಣಗಳಿಗೆ ಕೋಟಾ ಕಡಿಮೆ. ಅಲ್ಲಿಂದ ವೇಟಿಂಗ್ ಲಿಸ್ಟ್ ತೋರಿಸುತ್ತಿದ್ದರೂ ಯಶವಂತಪುರದಿಂದ ಸೀಟು ಖಾಲಿ ಇರಬಹುದು. ಹಾಗಿದ್ದರೆ ಯಶವಂತಪುರದಿಂದ ಟಿಕೆಟ್ ತೆಗೆದು ಹತ್ತುವ ನಿಲ್ದಾಣವನ್ನು ಹಾಸನವೆಂದು ನಮೂದಿಸಿ. ದರ ಪೂರ್ತಿ ಕೊಡಬೇಕಾಗುತ್ತದೆ. ನಮೂದಿಸದೆ ಹಾಸನದಲ್ಲಿ ಹತ್ತಲು ಹೋದರೆ ಟಿಟಿಇ ನೀವು ಬಂದಿಲ್ಲವೆಂದು ಬರೆದು ಸೀಟನ್ನು ಬೇರೆಯವರಿಗೆ ಕೊಟ್ಟಿರುತ್ತಾರೆ. ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಪುತ್ತರಿ, ದಸರಾ ರಜೆಗೆ ಬೇಕಾದವರು ಆ ದಿನವೇ ಬೆಳಿಗ್ಗೆ 8ಕ್ಕೆ ಕೂರಬೇಕು.

ಇನ್ನೊಂದು ಎಚ್ಚರಿಕೆ, ಹೊರಡುವ ವಾರ ರೈಲು ಓಡುತ್ತಿದೆಯೇ ನೋಡಿ. 2025ರ ಜೂನ್‌ನಿಂದ ತಿಂಗಳುಗಟ್ಟಲೆ ಈ ಘಟ್ಟದ ವಿದ್ಯುದೀಕರಣಕ್ಕಾಗಿ ಹಗಲು ರೈಲುಗಳನ್ನು ನಿಲ್ಲಿಸಿದ್ದರು. 2018ರ ಆಗಸ್ಟ್‌ನಲ್ಲಿ, 2024ರ ಜುಲೈ ಕೊನೆಯಲ್ಲಿ ಗುಡ್ಡ ಕುಸಿದು ಹಳಿ ಮುಚ್ಚಿತ್ತು. ರೈಲ್ವೆಯೇ ರೈಲು ರದ್ದು ಮಾಡಿದರೆ ಇ-ಟಿಕೆಟ್ ಹಣ ಪೂರ್ತಿಯಾಗಿ ತಾನಾಗಿ ವಾಪಸ್ ಬರುತ್ತದೆ. ನೀವು ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗದಿರಲು ನಿರ್ಧರಿಸಿದರೆ, ರೈಲು ಹೊರಡುವ ಮುನ್ನ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಿದರೆ ಪೂರ್ತಿ ಹಣ ಸಿಗುತ್ತದೆ. ಮಡಿಕೇರಿ ರಸ್ತೆ ಕುಸಿದು ನಿಮಗೆ ರೈಲು ತಪ್ಪಿದರೆ ಮಾತ್ರ ಆ ನಷ್ಟ ನಿಮ್ಮದೇ. ಎರಡು ಗಂಟೆ ಮುಂಚೆ ತಲುಪಿ ಎಂದು ಹೇಳುವುದು ಅದಕ್ಕೇ.

ಹಾಗೆ ಮುಂಚೆ ತಲುಪಿದವರಿಗೆ ಮೈಸೂರಿನಲ್ಲಿ ಏನಿದೆ? ಸಬರ್ಬನ್ ಬಸ್ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಸುಮಾರು ಎರಡು ಕಿ.ಮೀ., ಆಟೊ ಸಾಕು. ಎಸಿ ದರ್ಜೆಯ ಟಿಕೆಟ್ ಇದ್ದವರಿಗೆ ಮೇಲ್ದರ್ಜೆಯ ಕಾಯುವ ಕೊಠಡಿ, ಅದಕ್ಕೆ ಪ್ರತ್ಯೇಕ ದುಡ್ಡಿಲ್ಲ, ಪಿಎನ್‌ಆರ್ ತೋರಿಸಬೇಕು. ಬೀಳ್ಕೊಡಲು ಬಂದ ನೆಂಟರಿಗೆ ಪ್ಲಾಟ್‌ಫಾರ್ಮ್ ಟಿಕೆಟ್ಟಿನ ಮೇಲೆ ಅಲ್ಲಿ ಪ್ರವೇಶವಿಲ್ಲ. ಒಂದೆರಡು ಗಂಟೆಗೆ ಇದೇ ಸಾಕು. ನಾಲ್ಕೈದು ಗಂಟೆ ಇದ್ದರೆ, ಅಥವಾ ರಾತ್ರಿ ಬಂದಿಳಿದು ಬೆಳಗಿನ ಬಸ್ಸಿಗೆ ಕಾಯಬೇಕಿದ್ದರೆ, ನಿಲ್ದಾಣದಲ್ಲೇ ಬಾಡಿಗೆಗೆ ಸಿಗುವ ರಿಟೈರಿಂಗ್ ರೂಮ್ ತೆಗೆದುಕೊಳ್ಳಿ. ಈ ಇಡೀ ಪಟ್ಟಿಯಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಬೆಲೆ ಬರುವುದು ಇದರಿಂದಲೇ. ಸ್ನಾನ, ಮಂಚ, ಬಾಗಿಲಿಗೆ ಬೀಗ.

ರಿಟೈರಿಂಗ್ ರೂಮಿಗೆ ದರ್ಜೆ ಮುಖ್ಯವಲ್ಲ, ಸ್ಲೀಪರ್ ಟಿಕೆಟ್ಟಿನವರಿಗೂ ಸಿಗುತ್ತದೆ. ಐಆರ್‌ಸಿಟಿಸಿಯಲ್ಲಿ ಪಿಎನ್‌ಆರ್ ಹಾಕಿ ಬುಕ್ ಮಾಡಬೇಕು. ಟಿಕೆಟ್ ಖಚಿತವಾಗಿರಬೇಕು ಅಥವಾ ಆರ್‌ಎಸಿಯಲ್ಲಿರಬೇಕು, ವೇಟಿಂಗ್ ಲಿಸ್ಟಿಗೆ ಕೊಡುವುದಿಲ್ಲ. ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ ಎರಡರಲ್ಲೂ ಕೇಳಬಹುದು. ಎಲ್ಲರೂ ಎಡವುವುದು ಸ್ಲಾಟಿನಲ್ಲಿ, ಅಂದರೆ ಕೊಠಡಿ ಕೊಡುವ ನಿಗದಿತ ಅವಧಿಯಲ್ಲಿ: ಸ್ಲಾಟ್ ಶುರುವಾಗುವ ಮೊದಲು ಬಂದರೆ ಕೀ ಕೊಡುವುದಿಲ್ಲ, ರೈಲು ತಡವಾಗಿ ನೀವು ಬಂದಾಗ ಅರ್ಧ ಸ್ಲಾಟ್ ಮುಗಿದಿದ್ದರೆ ಆ ಹೊತ್ತು ಸೇರಿಸಿಯೂ ಕೊಡುವುದಿಲ್ಲ. ಮೂಲ ಗುರುತಿನ ಚೀಟಿ ಕೈಯಲ್ಲಿರಲಿ. ಊರು ಸುತ್ತಲು ಹೋಗುವುದಾದರೆ ಲಗೇಜನ್ನು ಕ್ಲೋಕ್ ರೂಮಿನಲ್ಲಿ ಇಡಬಹುದು. ಬೀಗ ಹಾಕದ ಚೀಲವನ್ನು ತೆಗೆದುಕೊಳ್ಳುವುದಿಲ್ಲ. ಜಿಪ್ ಇರುವ ಬಟ್ಟೆ ಚೀಲಕ್ಕೂ ಒಂದು ಸಣ್ಣ ಬೀಗ ತನ್ನಿ.

ಸೇನೆಯಲ್ಲಿರುವವರ ಮನೆ ಕೊಡಗಿನಲ್ಲಿ ಎಷ್ಟಿವೆ ಎಂದು ಹೇಳಬೇಕಾಗಿಲ್ಲ. ಅವರಿಗೆ ಬೆಂಗಳೂರು, ನವದೆಹಲಿಯಂಥ ದೊಡ್ಡ ನಿಲ್ದಾಣಗಳಲ್ಲಿ ಎಂಸಿಒ ಕಚೇರಿ ಇದೆ, ರಜೆಗೆ ಬರುವ ಹೋಗುವ ಜವಾನರ ಪ್ರಯಾಣ ನೋಡಿಕೊಳ್ಳುವ ಕಚೇರಿ. ಯಾವ ಖಾಸಗಿ ಲೌಂಜಿಗೂ ಹೋಗುವ ಮುನ್ನ ಅಲ್ಲಿ ವಿಚಾರಿಸಬೇಕು. ಸೇವೆಯ ಗುರುತಿನ ಚೀಟಿ ಮತ್ತು ರಜೆ ಪತ್ರ ಚೀಲದ ತಳದಲ್ಲಿರದೆ ಕೈಗೆ ಸಿಗುವಂತಿರಲಿ.

ದುಡ್ಡು ಕೊಟ್ಟು ಹೋಗುವ ಎಕ್ಸಿಕ್ಯೂಟಿವ್ ಲೌಂಜ್ ಬೇಕಾಗುವುದು ಹೆಚ್ಚಾಗಿ ಪ್ರಯಾಣದ ಆ ತುದಿಯಲ್ಲಿ. ನವದೆಹಲಿ ನಿಲ್ದಾಣದಲ್ಲಿ ಐಆರ್‌ಸಿಟಿಸಿಯ ಲೌಂಜ್ ಇದೆ. ಗಂಟೆ ಲೆಕ್ಕದ ಶುಲ್ಕ, ಎಸಿ, ಒರಗಿ ಕೂರುವ ಸೋಫಾ, ಸ್ವಚ್ಛ ಶೌಚಾಲಯ, ರೈಲಿನ ಮಾಹಿತಿ ಫಲಕ. ಊಟ, ಸ್ನಾನಕ್ಕೆ ಬೇರೆ ದುಡ್ಡು. ಯಾವ ದರ್ಜೆಯ ಟಿಕೆಟ್ ಇದ್ದರೂ ಒಳಗೆ ಬಿಡುತ್ತಾರೆ. ನಮ್ಮವರು ತಪ್ಪುವುದು ಇಲ್ಲಿ: ಮೈಸೂರಿನಿಂದ ಹೋಗುವ ಸ್ವರ್ಣ ಜಯಂತಿ, ಬೆಂಗಳೂರಿನ ರಾಜಧಾನಿ, ಕಣ್ಣೂರಿನಲ್ಲಿ ಹತ್ತಬಹುದಾದ ತಿರುವನಂತಪುರದ ರಾಜಧಾನಿ, ಮೂರೂ ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ. ನವದೆಹಲಿ ನಿಲ್ದಾಣ ಅಲ್ಲಿಂದ ಊರಿನೊಳಗೆ ಕಿಲೋಮೀಟರುಗಟ್ಟಲೆ ದೂರ. ನವದೆಹಲಿಗೇ ನೇರ ಹೋಗುವುದು ಬೆಂಗಳೂರಿನ ಕರ್ನಾಟಕ ಎಕ್ಸ್‌ಪ್ರೆಸ್. ಮುಂದಿನ ರೈಲು ನವದೆಹಲಿಯಿಂದ ಇದ್ದರೆ ಮಾತ್ರ ಆ ಲೌಂಜಿನ ಲೆಕ್ಕ ಹಾಕಿ.

ಕ್ರೆಡಿಟ್ ಕಾರ್ಡಿನ ಉಚಿತ ಪ್ರವೇಶವನ್ನು ನಂಬಿ ಕೂರಬೇಡಿ. ವಿಮಾನ ನಿಲ್ದಾಣದ ಲೌಂಜಿಗೆ ನಡೆಯುವ ಕಾರ್ಡ್ ರೈಲು ಲೌಂಜಿಗೆ ನಡೆಯಲೇಬೇಕೆಂದಿಲ್ಲ, ಎರಡೂ ಬೇರೆ ಪಟ್ಟಿ. ಭೇಟಿಗಳನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಇಷ್ಟು ಎಂದು ಎಣಿಸುತ್ತಾರೆ, ಬಳಸದೆ ಉಳಿದದ್ದು ಮುಂದಕ್ಕೆ ಬರುವುದಿಲ್ಲ. ಕಾರ್ಡ್ ಹೆಸರಿನವರೇ ಇರಬೇಕು, ಜೊತೆಯವರಿಗೆ ಶುಲ್ಕ. ಕಾರ್ಡ್ ಪರೀಕ್ಷಿಸಲು ಎರಡು ರೂಪಾಯಿಯಂಥ ಸಣ್ಣ ಮೊತ್ತ ಕಡಿತವಾಗುವುದುಂಟು, ಯಂತ್ರ ಕೈಕೊಟ್ಟರೆ ಆ ಸೌಲಭ್ಯವೂ ನಿಂತಿತು. ಒಬ್ಬರಿಗೆ ಸಾಕಾಗುವಷ್ಟು ನಗದು ಇಟ್ಟುಕೊಂಡೇ ಹೋಗಿ.

ಇನ್ನು ಫಸ್ಟ್ ಎಸಿ. ಕ್ಯಾಬಿನ್‌ನಲ್ಲಿ ನಾಲ್ಕು ಬರ್ತ್, ಕೂಪೆಯಲ್ಲಿ ಎರಡು, ಒಳಗಿನಿಂದ ಚಿಲಕ, ಸೈಡ್ ಬರ್ತಿನ ಕಾಟವಿಲ್ಲ. ಗಂಡ ಹೆಂಡತಿ ಹೋಗುವಾಗ ಬುಕಿಂಗ್‌ನಲ್ಲಿ ಕೂಪೆ ಕೇಳಬಹುದು, ಸಿಕ್ಕಿತೋ ಇಲ್ಲವೋ ತಿಳಿಯುವುದು ಚಾರ್ಟ್ ಬಂದ ಮೇಲೆಯೇ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಉಳಿದ ಮೂವರೂ ಅಪರಿಚಿತ ಗಂಡಸರಾಗಿ ಬಂದರೆ ರೈಲು ಹೊರಡುವ ಮೊದಲೇ ಟಿಟಿಇಗೆ ಹೇಳಿ ಬದಲಿಸಿಕೊಳ್ಳಬೇಕು. ಮುಂದಿನ ನಿಲ್ದಾಣಗಳಲ್ಲಿ ಜನ ಹತ್ತಿದ ಮೇಲೆ ಜಾಗ ಉಳಿಯುವುದಿಲ್ಲ. ಬೆಡ್‌ರೋಲ್ ಮೂರೂ ಎಸಿ ದರ್ಜೆಗೆ ಟಿಕೆಟ್ಟಿನಲ್ಲೇ ಸೇರಿದೆ: ಎರಡು ಬೆಡ್‌ಶೀಟ್, ದಿಂಬು, ಹೊದಿಕೆ, ಕೈ ಒರೆಸುವ ಟವೆಲ್. ಕಾಗದದ ಪೊಟ್ಟಣ ಅಂಟಿಸಿದ್ದು ಬಿಚ್ಚಿಲ್ಲವೇ ನೋಡಿ ತೆಗೆದುಕೊಳ್ಳಿ. ಬಿಚ್ಚಿದ್ದರೆ ಆಗಲೇ ಬದಲಿಸಿ ಕೇಳಿ, ಕೊಡದಿದ್ದರೆ 139ಕ್ಕೆ ದೂರು.

ಫಸ್ಟ್ ಎಸಿಯ ನಿಜವಾದ ಲಾಭ ನಮ್ಮವರಿಗೆ ಲಗೇಜಿನಲ್ಲಿ. ಉಚಿತವಾಗಿ 70 ಕೆ.ಜಿ., ಸೆಕೆಂಡ್ ಎಸಿಗೆ 50, ಥರ್ಡ್ ಎಸಿ ಮತ್ತು ಸ್ಲೀಪರ್‌ಗೆ 40. ಕಾಫಿಪುಡಿ, ಕರಿಮೆಣಸು, ಜೇನು, ಕಿತ್ತಳೆ ಡಬ್ಬ ಎಂದು ಮದುವೆಮನೆಗೆ ಹೊರಟವರ ಸಾಮಾನು ಸಲೀಸಾಗಿ 40 ದಾಟುತ್ತದೆ. ಪೆಟ್ಟಿಗೆಯ ಅಳತೆ 100, 60, 25 ಸೆಂ.ಮೀ. ಒಳಗಿರಲಿ, ದೊಡ್ಡದಾದರೆ ಪಾರ್ಸೆಲ್ ಬೋಗಿಗೆ ಹಾಕಬೇಕು. ಕಾಚಂಪುಳಿ, ಅಂದರೆ ನಮ್ಮ ಕಪ್ಪು ಹುಳಿರಸ, ಇರುವ ಶೀಶೆಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ನೇರ ನಿಲ್ಲಿಸಿ ಇಡಿ. ಸೋರಿದರೆ ಬಟ್ಟೆಗೆ ಹಿಡಿದ ಕಲೆ ಹೋಗುವುದಿಲ್ಲ. ಮನೆಯ ವೈನ್ ಒಯ್ಯುವವರು ರೈಲು ಯಾವ ರಾಜ್ಯ ಹಾದುಹೋಗುತ್ತದೆ ನೋಡಿಕೊಳ್ಳಬೇಕು. ಮೈಸೂರಿನಿಂದ ದರ್ಭಾಂಗಕ್ಕೆ ಹೋಗುವ ಬಾಗ್ಮತಿ ಸೇರುವುದು ಬಿಹಾರವನ್ನು. ಅಲ್ಲಿ 2016ರಿಂದ ಪಾನನಿಷೇಧವಿದೆ, ಗುಜರಾತಿನಲ್ಲೂ ಇದೆ.

ಲಗೇಜ್ ಕಡಿಮೆ, ವಯಸ್ಸು ಚಿಕ್ಕದು ಎಂದಾದರೆ ಫಸ್ಟ್ ಎಸಿಗೆ ದುಡ್ಡು ಹಾಕಬೇಡಿ. ಸೆಕೆಂಡ್ ಎಸಿ ತೆಗೆದು, ಉಳಿದ ಹಣದಲ್ಲಿ ಎರಡೂ ತುದಿಯಲ್ಲಿ ರಿಟೈರಿಂಗ್ ರೂಮ್ ಹಿಡಿಯಿರಿ. ಬುಕ್ ಮಾಡುವಾಗ ಆಟೊ ಅಪ್‌ಗ್ರೇಡ್‌ಗೆ ಒಪ್ಪಿಗೆ ಕೊಟ್ಟರೆ ಮೇಲಿನ ದರ್ಜೆಯಲ್ಲಿ ಖಾಲಿ ಇದ್ದಾಗ ಹೆಚ್ಚಿನ ಹಣವಿಲ್ಲದೆ ಏರಿಸುತ್ತಾರೆ. ಆದರೆ ಮೊದಲು ಸಿಕ್ಕಿದ್ದ ಕೆಳಗಿನ ಬರ್ತೇ ಅಲ್ಲೂ ಸಿಗುತ್ತದೆಂಬ ಖಾತ್ರಿಯಿಲ್ಲ. ಮಂಡಿನೋವಿನ ಅಜ್ಜ ಅಜ್ಜಿಯ ಟಿಕೆಟ್ಟಿಗೆ ಆ ಒಪ್ಪಿಗೆ ಕೊಡಬೇಡಿ. ಊಟಕ್ಕೆ ರೈಲಿನಲ್ಲಿ ಸಾದಾ ಸಸ್ಯಾಹಾರಿ ಥಾಲಿ 80 ರೂಪಾಯಿ, ಒಂದು ಲೀಟರ್ ರೈಲ್ ನೀರ್ 14. ಹೆಚ್ಚು ಕೇಳಿದರೆ ಬಿಲ್ ಕೇಳಿ. ಬಿಲ್ ಕೊಡದಿದ್ದರೆ ಹಣ ಕೊಡಬೇಕಾಗಿಲ್ಲ ಎಂಬುದು ರೈಲ್ವೆಯದೇ ನಿಯಮ.

ಬಾರ್ ಸಮೇತ ನಿಜವಾದ ಲೌಂಜ್ ಬೋಗಿ ಕರ್ನಾಟಕದಲ್ಲಿ ಇರುವುದು ಗೋಲ್ಡನ್ ಚಾರಿಯಟ್‌ನಲ್ಲಿ. 2008ರಲ್ಲಿ ಶುರುವಾಯಿತು, ಈಗ ನಡೆಸುವುದು ಐಆರ್‌ಸಿಟಿಸಿ. 40 ಕ್ಯಾಬಿನ್, 'ಮದಿರಾ' ಎಂಬ ಲೌಂಜ್ ಬಾರ್, ಎರಡು ಊಟದ ಬೋಗಿಗಳು. ಅಲ್ಲಿಗೆ ಪ್ಯಾಕೇಜ್ ಕೊಂಡವರಿಗಷ್ಟೇ ಪ್ರವೇಶ, ಮೈಸೂರಿನಿಂದ ಒಂದು ಸಂಜೆಗೆಂದು ಟಿಕೆಟ್ ಸಿಗುವುದಿಲ್ಲ. ಊರಿಗೆ ಹೋಗಿ ಬರುವ ರೈಲಾಗಿ ಅದನ್ನು ಲೆಕ್ಕ ಹಿಡಿಯುವಂತಿಲ್ಲ.

ವಾಪಸ್ ಬರುವಾಗಿನ ಯೋಜನೆಯನ್ನು ಹೋಗುವ ಟಿಕೆಟ್ಟಿನ ಜೊತೆಗೇ ಮಾಡಿ. ರಾತ್ರಿ ಹತ್ತರ ಮೇಲೆ ಮೈಸೂರಿಗೆ ಬರುವ ರೈಲಾದರೆ ಇಳಿಯುವ ನಿಲ್ದಾಣದ ಹೆಸರಲ್ಲಿ ರಾತ್ರಿಯ ಸ್ಲಾಟಿಗೆ ರಿಟೈರಿಂಗ್ ರೂಮ್ ಹಿಡಿದಿಟ್ಟುಕೊಳ್ಳಿ, ರೈಲು ತಡವಾದರೂ ಸ್ಲಾಟ್ ಮುಗಿಯುವವರೆಗೆ ಹಾಸಿಗೆ ಕಾದಿರುತ್ತದೆ. ಮಳೆಗಾಲದ ರಾತ್ರಿಯಲ್ಲಿ ಕುಶಾಲನಗರದಿಂದ ಮೇಲಕ್ಕೆ ಟ್ಯಾಕ್ಸಿ ಹತ್ತಿಸುವ ಬದಲು, ಬೆಳಗಿನ ಮೊದಲ ಬಸ್ಸಿಗೆ ಎದ್ದು, ಸ್ನಾನ ಮುಗಿಸಿ, ಬೆಳಕಿನಲ್ಲೇ ಘಟ್ಟ ಹತ್ತಿ.